ಎಲ್‌ಕೆಜಿಯ ‘ಕೆಜಿ’ ಕೊಟ್ಟ ಫ್ರೋಬೆಲ್

ಎಲ್‌ಕೆಜಿ, ಯುಕೆಜಿ ಎಂದು ನಾವೆಲ್ಲ ಹೇಳುತ್ತೇವೆ. ಕಾಮರ್ಸ್ ಓದುವ ನಮಗೆ ಕೆಜಿ ಎಂದರೆ ಮೊದಲು ತೂಕವೇ ನೆನಪಾಗುತ್ತದೆ! ಆದರೆ ಇಲ್ಲಿ ಕೆಜಿ ಎಂದರೆ ಕಿಂಡರ್‌ಗಾರ್ಟನ್. ಜರ್ಮನ್ ಭಾಷೆಯಲ್ಲಿ ಇದರ ಅರ್ಥ ಮಕ್ಕಳ ತೋಟ. ಈ ಹೆಸರನ್ನು ಕೊಟ್ಟವರು ಫ್ರೆಡರಿಕ್ ಫ್ರೋಬೆಲ್.

ಫ್ರೋಬೆಲ್ 1782ರ ಏಪ್ರಿಲ್ 21ರಂದು ಜರ್ಮನಿಯ ತುರಿಂಗಿಯಾ ಪ್ರದೇಶದ ಒಂದು ಹಳ್ಳಿಯಲ್ಲಿ ಹುಟ್ಟಿದರು. ತಂದೆ ಪಾದ್ರಿ. ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ತಂದೆಗೆ ಕೆಲಸದಿಂದ ಬಿಡುವಿರಲಿಲ್ಲ. ಮಲತಾಯಿಗೆ ಸ್ವಂತ ಮಗುವಾದ ಮೇಲೆ ಈ ಹುಡುಗನನ್ನು ಕೇಳುವವರೇ ಇಲ್ಲವಾಯಿತು. ಗಿಡಮರಗಳೇ ಅವರ ಜೊತೆಗಾರರಾದವು. ಹತ್ತನೇ ವಯಸ್ಸಿಗೆ ಸೋದರಮಾವ ಬಂದು ಕರೆದುಕೊಂಡು ಹೋದಾಗಲೇ ಅವರಿಗೆ ಸ್ವಲ್ಪ ಪ್ರೀತಿ ಸಿಕ್ಕಿದ್ದು.

ಹದಿನೈದನೇ ವಯಸ್ಸಿನಲ್ಲಿ ಅರಣ್ಯಾಧಿಕಾರಿಯೊಬ್ಬರ ಬಳಿ ಕೆಲಸ ಕಲಿಯಲು ಸೇರಿದರು. ನಂತರ ಯೆನಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಸಾಲ ತೀರಿಸಲಾಗದೆ ಅಲ್ಲಿನ ಸೆರೆಮನೆಯಲ್ಲಿ ಒಂಬತ್ತು ವಾರ ಇರಬೇಕಾಯಿತು. ಹಲವು ಕೆಲಸಗಳನ್ನು ಮಾಡಿದ ಮೇಲೆ 1805ರಲ್ಲಿ ಫ್ರಾಂಕ್‌ಫರ್ಟ್‌ನ ಒಂದು ಶಾಲೆಯಲ್ಲಿ ಶಿಕ್ಷಕರಾದರು. ಇದೇ ತನ್ನ ದಾರಿ ಎಂದು ಅವರಿಗೆ ಗೊತ್ತಾಯಿತು. ಮುಂದೆ ಸ್ವಿಟ್ಜರ್ಲೆಂಡಿನ ಪ್ರಸಿದ್ಧ ಶಿಕ್ಷಕ ಪೆಸ್ಟಾಲೊಜಿಯವರ ಬಳಿ ಎರಡು ವರ್ಷ ಇದ್ದು ಕಲಿತರು.

ಊರಿಗೆ ಮರಳಿ ಶಾಲೆ ನಡೆಸುತ್ತ ನಡೆಸುತ್ತ ಅವರಿಗೆ ಒಂದು ವಿಷಯ ಸ್ಪಷ್ಟವಾಯಿತು. ಶಾಲೆಗೆ ಬರುವ ಮೊದಲಿನ ವರ್ಷಗಳೇ ಮಗುವಿಗೆ ಬಹಳ ಮುಖ್ಯ, ಆದರೆ ಆ ವರ್ಷಗಳ ಬಗ್ಗೆ ಯಾರೂ ಯೋಚಿಸುತ್ತಿಲ್ಲ. ಅದಕ್ಕಾಗಿ 1837ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆ ಆರಂಭಿಸಿದರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟರು. ಆಗ ಅವರಿಗೆ 58 ವರ್ಷ.

ಅಲ್ಲಿ ಮಕ್ಕಳಿಗೆ ಆಟ, ಹಾಡು, ತೋಟದ ಕೆಲಸ ಇತ್ತು. ಫ್ರೋಬೆಲ್ ಆಟದ ಸಾಮಾನುಗಳನ್ನೂ ತಯಾರಿಸಿದರು. ಅವುಗಳಿಗೆ ಉಡುಗೊರೆಗಳು ಎಂದು ಹೆಸರು. ಮೊದಲನೆಯದು ಬಣ್ಣದ ಉಣ್ಣೆಯ ಆರು ಮೆತ್ತನೆಯ ಚೆಂಡುಗಳು. ಎರಡನೆಯದು ಮರದ ಗೋಲ, ಘನ ಮತ್ತು ಸಿಲಿಂಡರ್. ಮೂರನೆಯದು ಎಂಟು ಚಿಕ್ಕ ತುಂಡುಗಳಾಗಿ ಬಿಡಿಸಬಹುದಾದ ಒಂದು ಘನ. ಬಿಡಿಸಿ, ಮತ್ತೆ ಜೋಡಿಸಿ, ಮಗು ತಾನಾಗಿಯೇ ಲೆಕ್ಕವನ್ನೂ ಆಕಾರವನ್ನೂ ಕಲಿಯುತ್ತದೆ. ತಾಯಂದಿರು ಮನೆಯಲ್ಲಿ ಮಗುವಿನೊಂದಿಗೆ ಆಡಲೆಂದು ಬೆರಳಾಟ ಮತ್ತು ಹಾಡುಗಳ ಪುಸ್ತಕವನ್ನೂ 1844ರಲ್ಲಿ ಹೊರತಂದರು. ತಾಯಿಯ ಮಡಿಲು ಸಿಗದವರು ಎಲ್ಲ ತಾಯಂದಿರಿಗಾಗಿ ಪುಸ್ತಕ ಬರೆದರು.

ಹಣ ಸೇರಿಸಲು ಅವರು ಕಿಂಡರ್‌ಗಾರ್ಟನ್‌ಗೆ ಷೇರುಗಳನ್ನು ಮಾರಲು ಹೊರಟಿದ್ದರು ಎಂಬುದು ನನಗೆ ತುಂಬಾ ಇಷ್ಟವಾದ ಸಂಗತಿ. ಸಾಕಷ್ಟು ಜನ ಕೊಳ್ಳಲಿಲ್ಲ. ಆದರೂ ಅವರು ಬಿಡದೆ ಊರೂರು ತಿರುಗಿದರು, ಹೆಣ್ಣುಮಕ್ಕಳಿಗೆ ಶಿಕ್ಷಕಿಯರ ತರಬೇತಿ ಕೊಟ್ಟರು. 1851ರಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು. ಮರುವರ್ಷ ಜೂನ್ 21ರಂದು ಫ್ರೋಬೆಲ್ ತೀರಿಕೊಂಡರು. ನಿಷೇಧ ಹೋದದ್ದು 1860ರಲ್ಲಿ. ಅಷ್ಟರಲ್ಲಿ ಅವರ ಶಿಷ್ಯೆಯರು ಈ ಕೆಲಸವನ್ನು ಬೇರೆ ದೇಶಗಳಿಗೂ ಒಯ್ದಿದ್ದರು.

ನನ್ನ ಆಪಾಳ ಮಗಳು ಈ ಜೂನ್‌ನಲ್ಲಿ ಎಲ್‌ಕೆಜಿ ಸೇರಬೇಕು. ಶಾಲೆಯ ಇಂಟರ್‌ವ್ಯೂಗೆಂದು ಎ ಬಿ ಸಿ ಡಿ, ಬಣ್ಣಗಳ ಹೆಸರು ಎಲ್ಲವನ್ನೂ ಬಾಯಿಪಾಠ ಮಾಡಿಸುತ್ತಿದ್ದಾರೆ. ಮನೆಯಲ್ಲಿ ನಾವು ಉರ್ದು ಮಾತಾಡುವವರು. ಹಾಗಾಗಿ ಪುಸ್ತಕ ಕಂಡರೇ ಅವಳು ನಾನಿಯ ಹಿಂದೆ ಅಡಗುತ್ತಾಳೆ. ಫ್ರೋಬೆಲ್ ಬಗ್ಗೆ ಓದಿದ ಮೇಲೆ ನಾನು ಆಪಾಗೆ ಹೇಳಿದ್ದು ಇಷ್ಟೇ: ನಾನಿ ಉರ್ದುವಿನಲ್ಲಿ ಕಥೆ ಹೇಳಲಿ, ಪಕ್ಕದ ಮನೆಯ ಮಕ್ಕಳ ಜೊತೆ ಅವಳು ಕನ್ನಡದಲ್ಲಿ ಆಡಲಿ, ತನ್ನ ಚಪ್ಪಲಿಯನ್ನು ತಾನೇ ಹಾಕಿಕೊಳ್ಳಲಿ, ನೀರು ಬೇಕಾದರೆ ಕೇಳುವುದನ್ನು ಕಲಿಯಲಿ. ಆಪಾ ಇನ್ನೂ ಪೂರ್ತಿ ಒಪ್ಪಿಲ್ಲ. ಇಂಟರ್‌ವ್ಯೂನಲ್ಲಿ ಅದನ್ನು ಯಾರು ಕೇಳುತ್ತಾರೆ ಎನ್ನುತ್ತಾಳೆ. ಅವಳ ಪ್ರಶ್ನೆಯೂ ಸರಿಯೇ. ಅದಕ್ಕೆ ಉತ್ತರ ಕೊಡಬೇಕಾದವರು ಮೂರು ವರ್ಷದ ಮಗುವಿಗೆ ಪರೀಕ್ಷೆ ಇಡುವವರು.