ಡಾಕ್ಟರ್ ಹರ್ಮನ್ ಮೋಗ್ಲಿಂಗ್: ಅಕ್ಷರವೂ ಅನ್ನವೂ

ಪ್ರತಿವರ್ಷ ಜುಲೈ 1ರಂದು ಕನ್ನಡ ಪತ್ರಿಕಾ ದಿನದ ನೆಪದಲ್ಲಿ ಒಬ್ಬ ಪರದೇಶೀಯರ ಹೆಸರನ್ನು ನಾವು ಸ್ಮರಿಸುತ್ತೇವೆ, ಮರುದಿನ ಮರೆಯುತ್ತೇವೆ. ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದವರೆಂಬ ಒಂದೇ ಮಾತಿನಲ್ಲಿ ಅವರ ಚರಿತ್ರೆ ಮುಗಿದುಹೋಗುತ್ತದೆ. ಆದರೆ ಮನೆಮಾರು ಕಳೆದುಕೊಂಡ ಬಾಲಕರನ್ನು ಸಾಕಿ ಓದಿಸಿದವರೂ, ಜೀತದಾಳುಗಳಿಗೆ ನೆಲದ ಆಸರೆ ಕಲ್ಪಿಸಿದವರೂ ಅವರೇ. ಆ ಅರ್ಧ ಚರಿತ್ರೆಯನ್ನು ಗಡಿನಾಡಿನ ನಮ್ಮ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ಹರ್ಮನ್ ಫ್ರೆಡರಿಕ್ ಮೋಗ್ಲಿಂಗರು 1811ನೆಯ ಇಸವಿ ಮೇ 29ರಂದು ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಟ್ಯೂಬಿಂಗನ್ನಿನ ಪ್ರಸಿದ್ಧ ವಿದ್ಯಾಪೀಠದಲ್ಲಿ ದೇವತಾಶಾಸ್ತ್ರವನ್ನು ವ್ಯಾಸಂಗಮಾಡಿ, ಬಾಸೆಲ್ ಮಿಷನ್ನನ್ನು ಸೇರಿ, 1836ರಲ್ಲಿ ಮಂಗಳೂರಿಗೆ ಬಂದರು. ಆ ಮಿಷನ್ನಿನ ಮೊದಲ ಮೂವರು ಅಲ್ಲಿಗೆ ಬಂದು ಆಗ ಎರಡೇ ವರ್ಷಗಳಾಗಿದ್ದುವು. ತಾಯ್ನಾಡಿನಲ್ಲಿ ಸುಖವಾದ ಉದ್ಯೋಗ ದೊರೆಯಬಹುದಾಗಿದ್ದ ವಿದ್ವಾಂಸರು, ಇಪ್ಪತ್ತೈದರ ಹರೆಯದಲ್ಲಿ, ಅಪರಿಚಿತವಾದ ಭಾಷೆಯ ಮುಂದೆ ಬಾಲಕರಂತೆ ಓನಾಮಕ್ಕೆ ಕುಳಿತರು.

ಮಂಗಳೂರಿನಲ್ಲಿ ಅವರು ಬಾಲಕರಿಗಾಗಿ ಒಂದು ವಸತಿಶಾಲೆಯನ್ನು ನಡೆಸಿದರು. ಹುಡುಗರನ್ನು ಯುರೋಪಿನ ವೇಷಕ್ಕೆ ಒಗ್ಗಿಸದೆ, ದೇಶೀಯ ರೀತಿಯಲ್ಲಿಯೇ ಬೆಳೆಸಬೇಕೆಂಬುದು ಅವರ ನಿಶ್ಚಯ. ಅದಕ್ಕಾಗಿ ತಾವೂ ಆ ಮಕ್ಕಳೊಡನೆಯೇ ಬಾಳಿದರು. ಮುಂದೆ 1847ರಲ್ಲಿ ಬಲ್ಮಠದ ದೈವಜ್ಞಾನ ಶಾಲೆ ಅವರ ಕೈಯಿಂದ ಸ್ಥಾಪಿತವಾಯಿತು.

ಆದರೆ ಓದಿಗಿಂತ ಕಠಿನವಾದ ಪ್ರಶ್ನೆ ಹೊಟ್ಟೆಯದು. ಹೊಸ ಮತವನ್ನು ಸ್ವೀಕರಿಸಿದವನಿಗೆ ಮನೆಯ ಬಾಗಿಲು ಮುಚ್ಚುತ್ತಿತ್ತು. ಕುಲದ ಕಸಬು ತಪ್ಪುತ್ತಿತ್ತು. ಒಡೆಯನ ಗೇಣಿಯ ನೆಲವೂ ಕೈಬಿಡುತ್ತಿತ್ತು. ಅಂಥವರಿಗೆ ದುಡಿಮೆ ಕಲಿಸದೆ ಬರಿಯ ಉಪದೇಶ ನೀಡುವುದು ನಿಷ್ಫಲವೆಂಬುದು ಮಿಷನ್ನಿನವರಿಗೆ ಬೇಗನೆ ತಿಳಿಯಿತು. ಮೊದಲು ಕೃಷಿಯನ್ನು ಪರೀಕ್ಷಿಸಿದರು, ಅದು ಕೈಗೂಡಲಿಲ್ಲ. ಬಳಿಕ ನೇಯ್ಗೆಯೂ, 1865ರಿಂದ ಜೆಪ್ಪಿನ ಹೆಂಚಿನ ಕಾರ್ಖಾನೆಯೂ ಆ ಜನರಿಗೆ ಅನ್ನವಿತ್ತುವು. ಮಂಗಳೂರು ಹೆಂಚಿನ ಹಿಂದೆ ಅನ್ನ ತಪ್ಪಿದವರ ಕಥೆಯೊಂದಿದೆಯೆಂದು ನಾವು ನೆನೆಯುವುದು ಅಪರೂಪ.

ಈ ನಡುವೆ 1843ರ ಜುಲೈ 1ರಂದು ಮೋಗ್ಲಿಂಗರು ಮಂಗಳೂರ ಸಮಾಚಾರವನ್ನು ಪ್ರಾರಂಭಿಸಿದರು. ಕಲ್ಲಚ್ಚಿನಲ್ಲಿ ಮುದ್ರಿತವಾದ, ನಾಲ್ಕು ಪುಟಗಳ ಪಾಕ್ಷಿಕವದು. ಮರುವರ್ಷ ಅದು ಬಳ್ಳಾರಿಗೆ ಬಂದು, ಕನ್ನಡ ಸಮಾಚಾರವೆಂಬ ಹೆಸರಿನಿಂದ ಅಚ್ಚಿನಮೊಳೆಯಲ್ಲಿ ಮುದ್ರಿತವಾಯಿತು. ಅಂದು ನಮ್ಮ ರಾಯದುರ್ಗವೂ ಮಡಕಶಿರವೂ ಬಳ್ಳಾರಿ ಜಿಲ್ಲೆಗೇ ಸೇರಿದ್ದುವು. 1882ರಲ್ಲಿ ಅನಂತಪುರ ಜಿಲ್ಲೆ ಬೇರ್ಪಟ್ಟಾಗ ಮಡಕಶಿರವೂ, 1953ರಲ್ಲಿ ಆಂಧ್ರ ರಾಜ್ಯ ಉದಯಿಸಿದಾಗ ರಾಯದುರ್ಗವೂ ಬಳ್ಳಾರಿಯಿಂದ ಅಗಲಿದುವು. 2022ರಿಂದ ಮಡಕಶಿರವು ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಗಡಿಗಳು ಬದಲಾದರೂ, ಕನ್ನಡದ ಮೊದಲ ಪತ್ರಿಕೆ ನಮ್ಮ ಜಿಲ್ಲೆಯ ಕಸ್ಬೆಯಲ್ಲಿ ಅಚ್ಚಾಗಿತ್ತೆಂಬ ಅಭಿಮಾನಕ್ಕೆ ಗಡಿಯಿಲ್ಲ. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮುಂತಾದುವನ್ನು ಬಿಬ್ಲಿಯೋಥಿಕ ಕರ್ನಾಟಿಕ ಗ್ರಂಥಮಾಲೆಯಲ್ಲಿ ಮುದ್ರಿಸಿದ ಕೀರ್ತಿಯೂ ಅವರದು. ಪರಮತದ ಪುರಾಣಗಳನ್ನು ಒಬ್ಬ ಪಾದ್ರಿ ಜತನಗೊಳಿಸಿದ್ದು ಸಾಮಾನ್ಯ ಸಂಗತಿಯಲ್ಲ.

1853ರಲ್ಲಿ ಅವರು ಕೊಡಗಿಗೆ ಹೋದರು. ಅಲ್ಲಿ ಅಸ್ಪೃಶ್ಯರೆನಿಸಿದ ಸಾಗುವಳಿಯ ಆಳುಗಳು ತಲೆಮಾರುಗಳಿಂದ ನೆಲಕ್ಕೋ ಒಡೆಯನ ಮನೆತನಕ್ಕೋ ಕಟ್ಟುಬಿದ್ದಿದ್ದರು. ದಾಸ್ಯಕ್ಕೆ ಕಾನೂನಿನ ಬಲವಿಲ್ಲವೆಂದು ಕಂಪೆನಿ ಸರ್ಕಾರ ಸಾರಿದ್ದು 1843ರಲ್ಲಿ, ಮಂಗಳೂರ ಸಮಾಚಾರ ಹುಟ್ಟಿದ ವರ್ಷದಲ್ಲಿಯೇ. ಆದರೆ ಕಾಗದದ ಮೇಲಿನ ಬಿಡುಗಡೆ ಗದ್ದೆಯ ಕೆಸರಿನವರೆಗೆ ಇಳಿದಿರಲಿಲ್ಲ. ಒಡೆಯನನ್ನು ಬಿಟ್ಟು ಹೊರಟವನು ಎಲ್ಲಿ ನಿಲ್ಲಬೇಕು? ಏನನ್ನುಣ್ಣಬೇಕು? ಮೋಗ್ಲಿಂಗರು ಈ ಪ್ರಶ್ನೆಗೆ ಉತ್ತರವನ್ನು ನೆಲದಲ್ಲಿಯೇ ಹುಡುಕಿದರು. ಸಿದ್ದಾಪುರದ ಬಳಿ ಕಾಫಿಯ ತೋಟವೊಂದನ್ನೆಬ್ಬಿಸಿ, ಅದರ ಆಶ್ರಯದಲ್ಲಿ ಆ ಕುಟುಂಬಗಳನ್ನು ನೆಲೆಗೊಳಿಸಿದರು. ಆ ಊರೇ ಆನಂದಪುರ. ಕಾಫಿ ಅಂದು ಕೊಡಗಿಗೆ ಇನ್ನೂ ಹೊಸ ಬೇಸಾಯ. ಯುರೋಪಿಯನ್ನರ ಮೊದಲ ತೋಟ ಮಡಿಕೇರಿಯಲ್ಲಿ ಆರಂಭವಾದದ್ದು 1854ರಲ್ಲಿ.

ಈ ಉಪಕಾರಕ್ಕೆ ಮತಪ್ರಚಾರದ ಉದ್ದೇಶ ಬೆರೆತಿತ್ತೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ, ಅವರೂ ಮರೆಮಾಚಿದವರಲ್ಲ. ಅದನ್ನೊಪ್ಪದವರು ಅಂದೂ ಇದ್ದರು, ಇಂದೂ ಇರುವರು. ಆದರೂ ನ್ಯಾಯವಾಗಿ ವಿಚಾರಿಸುವವರು ಇನ್ನೊಂದು ಪ್ರಶ್ನೆಯನ್ನು ತಮ್ಮನ್ನೇ ಕೇಳಿಕೊಳ್ಳಬೇಕು. ಏಳು ಸಮುದ್ರ ದಾಟಿ ಬಂದವನ ಕಣ್ಣಿಗೆ ಬಿದ್ದ ಆ ಆಳುಗಳ ಮಕ್ಕಳು, ಹತ್ತಿರದಲ್ಲಿಯೇ ಇದ್ದ ನಮ್ಮ ಹಿರಿಯರ ಕಣ್ಣಿಗೆ ಏಕೆ ಬೀಳಲಿಲ್ಲ?

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರ ಕನ್ನಡ ಸೇವೆಯನ್ನು ಮೆಚ್ಚಿ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. 1860ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಮತ್ತೆ ಕನ್ನಡನಾಡನ್ನು ಕಾಣಲಿಲ್ಲ. ಆದರೆ ಅಲ್ಲಿಂದಲೇ, ಕನ್ನಡಕ್ಕೊಂದು ನಿಘಂಟು ಬೇಕೆಂದು ಹಂಬಲಿಸಿ, ಆ ಕಾರ್ಯಕ್ಕೆ ಸರ್ಕಾರದ ನೆರವು ದೊರೆಯುವಂತೆ ಯತ್ನಿಸಿದರು. ಆ ಹಂಬಲ 1894ರಲ್ಲಿ ಕಿಟ್ಟೆಲರ ನಿಘಂಟಾಗಿ ಫಲಿಸಿತು. ಅದನ್ನು ನೋಡಲು ಮೋಗ್ಲಿಂಗರಿರಲಿಲ್ಲ. 1881ರ ಮೇ 10ರಂದು ಎಸ್ಲಿಂಗನ್ನಿನಲ್ಲಿ ಅವರು ಕಾಲವಶರಾಗಿದ್ದರು.

ಮಳೆ ಹುಸಿಹೋದ ವರ್ಷ, ಶೇಂಗಾದ ಹೊಲ ಒಣಗಿದೊಡನೆ, ನಮ್ಮ ತರಗತಿಯ ಮಣೆಗಳು ಒಂದೊಂದಾಗಿ ಬರಿದಾಗುವುದನ್ನು ನಾವು ಉಪಾಧ್ಯಾಯರಾಗಿ ಕಂಡಿದ್ದೇವೆ. ತಾಯ್ತಂದೆಗಳು ಗುಳೆ ಹೊರಟರೆ ಮಗುವೂ ಹೊರಡುತ್ತದೆ. ಅದರೊಡನೆ ಕನ್ನಡದ ಪುಸ್ತಕವೂ ಹೊರಟುಹೋಗುತ್ತದೆ. ಗಡಿಯ ಕನ್ನಡವನ್ನು ಉಳಿಸಬೇಕೆಂದು ಸಭೆಗಳಲ್ಲಿ ನುಡಿಯುವ ನಾವು, ಆ ಮಗುವಿಗೊಂದು ಹೊತ್ತಿನ ಅನ್ನ, ಮಲಗಲೊಂದು ಜಾಗ, ಅದರ ತಂದೆಗೆ ಬರದಲ್ಲಿಯೂ ಬೆಳೆಯುವ ಬೇಸಾಯದ ತಿಳಿವಳಿಕೆ ಇವನ್ನೂ ಯೋಚಿಸಬೇಕು. ಅಕ್ಷರವನ್ನೂ ಅನ್ನವನ್ನೂ ಬೇರ್ಪಡಿಸದೆ ಬಾಳಿದ ಮೋಗ್ಲಿಂಗರಿಗೆ ಸಲ್ಲಿಸಬಹುದಾದ ನಿಜವಾದ ಗೌರವ ಅದೇ ಎಂದು ನಾವು ಭಾವಿಸುತ್ತೇವೆ.