ನೂರು ಕಾವಲುಗಾರರು, ಒಂದು ಮೊಹರು

ಬೀದರ್ ನಗರದ ಹಳೆಯ ಪೇಟೆಯಲ್ಲಿ, ನಾಲ್ಕು ದಾರಿಗಳು ಕೂಡುವೆಡೆ ಚೌಬಾರ ಎಂಬ ಗೋಪುರವಿದೆ. ಸುಮಾರು ಎಪ್ಪತ್ತು ಅಡಿ ಎತ್ತರದ, ದುಂಡನೆಯ ಈ ಕಟ್ಟಡ ಊರಿನ ಕಾವಲು ಗೋಪುರ. ಅಲ್ಲಿಂದ ಕೋಟೆಯ ಕಡೆಗೆ ನಡೆದರೆ ಮಹಮೂದ್ ಗವಾನನ ಮದರಸಾ ಎದುರಾಗುತ್ತದೆ. ಮನೆಗಳ್ಳತನದ ಸುದ್ದಿ ಓದಿದಾಗಲೆಲ್ಲ ನನಗೆ ಈ ಗವಾನನ ಬದುಕು ನೆನಪಾಗುತ್ತದೆ. ಅವನು ವಿದ್ವಾಂಸ, ದಕ್ಷ ಮಂತ್ರಿ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಮನೆಯೊಳಗಿನ ಒಂದು ಕಳವಿನಿಂದ ಪ್ರಾಣ ಕಳೆದುಕೊಂಡವನು ಎಂಬ ದೃಷ್ಟಿಯಿಂದ ಅವನನ್ನು ನೋಡಿದವರು ಕಡಿಮೆ.

ಇರಾನಿನ ಗೀಲಾನ್ ಪ್ರಾಂತದವನಾದ ಗವಾನ್ 1453ರಲ್ಲಿ ದಾಭೋಳ ಬಂದರಿನಲ್ಲಿ ಇಳಿದಾಗ ಅವನಿಗೆ ನಲವತ್ತು ದಾಟಿತ್ತು. ಬಂದದ್ದು ವ್ಯಾಪಾರಿಯಾಗಿ, ಉಳಿದದ್ದು ಬಹಮನಿ ಸುಲ್ತಾನರ ಸೇವಕನಾಗಿ. 1461ರಲ್ಲಿ ಹುಮಾಯೂನ್ ಶಹಾ ತೀರಿಕೊಂಡಾಗ ಸಿಂಹಾಸನಕ್ಕೆ ಬಂದವನು ಎಳೆಯ ಬಾಲಕ. ರಾಜಮಾತೆಯೊಡನೆ ರಾಜ್ಯಭಾರ ಹೊತ್ತವರಲ್ಲಿ ಗವಾನನೂ ಒಬ್ಬ. ಮುಂದೆ ಮೂರನೆಯ ಮಹಮ್ಮದನ ಕಾಲದಲ್ಲಿ ಪ್ರಧಾನಮಂತ್ರಿಯಾದ. 1472ರಲ್ಲಿ ಗೋವೆಯನ್ನು ಗೆದ್ದುಕೊಟ್ಟ.

ಆ ದಿನಗಳಲ್ಲಿ ಬೀದರಿಗೆ ಬಂದಿದ್ದ ರಷ್ಯಾದ ವರ್ತಕ ಅಫನಾಸಿ ನಿಕಿತಿನ್ ಇಲ್ಲಿನ ಕಾವಲು ವ್ಯವಸ್ಥೆಯನ್ನು ಕಂಡು ಬೆರಗಾಗಿದ್ದಾನೆ. ಅರಮನೆಗೆ ಏಳು ಬಾಗಿಲುಗಳು. ಪ್ರತಿ ಬಾಗಿಲಲ್ಲೂ ನೂರು ಕಾವಲುಗಾರರು ಮತ್ತು ಹೋಗಿಬರುವವರ ಹೆಸರು ದಾಖಲಿಸುವ ನೂರು ಲೇಖಕರು. ರಾತ್ರಿಯಾದರೆ ಕೊತ್ವಾಲನ ಸಾವಿರ ಸವಾರರು ಕವಚ ತೊಟ್ಟು, ದೀಪ ಹಿಡಿದು ನಗರ ಸುತ್ತುತ್ತಿದ್ದರು. ಗವಾನನ ಮನೆಯ ಕಾವಲೇನೂ ಕಡಿಮೆಯದಲ್ಲ. ಅಲ್ಲಿಯೂ ರಾತ್ರಿ ನೂರು ಮಂದಿ ಶಸ್ತ್ರಧಾರಿಗಳು, ಜೊತೆಗೆ ಕಹಳೆ, ನಗಾರಿಗಳ ಸದ್ದು. ಇಂಥ ಕಾವಲು ವ್ಯರ್ಥವೆಂದು ನಾನು ಹೇಳಲಾರೆ. 2025ರ ಜನವರಿ 16ರಂದು ಇದೇ ನಗರದಲ್ಲಿ ಹಾಡಹಗಲೇ, ಎಟಿಎಂಗೆ ಹಣ ಒಯ್ಯುವ ಸಿಬ್ಬಂದಿಯ ಮೇಲೆ ಗುಂಡು ಹಾರಿಸಿ ಹಣದ ಪೆಟ್ಟಿಗೆ ದೋಚಿದ್ದನ್ನು ಬೀದರಿನವರು ಮರೆತಿಲ್ಲ.

ಕೀಲಿ ಯಾರ ಕೈಯಲ್ಲಿರಬೇಕು ಎಂಬುದನ್ನು ಗವಾನನಷ್ಟು ಚೆನ್ನಾಗಿ ಅರಿತ ಆಡಳಿತಗಾರರು ವಿರಳ. ಅವನಿಗಿಂತ ಮುಂಚೆ ರಾಜ್ಯದಲ್ಲಿ ನಾಲ್ಕು ತರಫ್‌ಗಳಿದ್ದು, ಪ್ರಾಂತದ ಕೋಟೆಗಳೆಲ್ಲವೂ ಆಯಾ ತರಫದಾರನ ವಶದಲ್ಲಿದ್ದವು. ಗವಾನ್ ನಾಲ್ಕನ್ನು ಎಂಟು ಮಾಡಿದ. ತರಫದಾರನಿಗೆ ಒಂದೇ ಕೋಟೆ. ಉಳಿದವುಗಳಿಗೆ ರಾಜಧಾನಿಯಿಂದಲೇ ನೇಮಕಗೊಂಡು ಅಲ್ಲಿಂದಲೇ ಸಂಬಳ ಪಡೆಯುವ ಕಿಲ್ಲೇದಾರರು. ಜಮೀನನ್ನು ಅಳೆಸಿ ಗ್ರಾಮಗಳ ಗಡಿಗಳನ್ನು ಗೊತ್ತುಪಡಿಸಿದ. ಲೆಕ್ಕವಿಲ್ಲದೆ ಉಂಡು ರೂಢಿಯಾದವರಿಗೆ ಲೆಕ್ಕ ಕೇಳುವವನು ಶತ್ರುವಾಗುವುದು ಇಂದಿನ ಸಂಗತಿಯಷ್ಟೇ ಅಲ್ಲ.

ಆ ಶತ್ರುಗಳು ಗವಾನನ ಗೋಡೆ ಹಾರಲಿಲ್ಲ, ಬೀಗ ಒಡೆಯಲಿಲ್ಲ. ಅವನ ಮೊಹರನ್ನು ಕಾಯುತ್ತಿದ್ದ ಹಬ್ಶಿ ಸೇವಕನ ಸ್ನೇಹ ಸಂಪಾದಿಸಿದರು, ಉಡುಗೊರೆಗಳನ್ನು ಕೊಟ್ಟರು. ಒಂದು ದಿನ ಅವನು ಕುಡಿದು ಮೈಮರೆತಿದ್ದಾಗ, ಮಡಿಸಿದ ಕಾಗದವೊಂದನ್ನು ಮುಂದಿಟ್ಟು, ಗೆಳೆಯನೊಬ್ಬನ ಲೆಕ್ಕಪತ್ರವೆಂದು ಹೇಳಿ ಮೊಹರು ಒತ್ತಿಸಿಕೊಂಡರು. ಕಾಗದವನ್ನು ಬಿಡಿಸಿ ನೋಡುವ ಗೊಡವೆಗೂ ಅವನು ಹೋಗಲಿಲ್ಲ. ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರುವಂತೆ ಒರಿಸ್ಸಾದ ರಾಜನನ್ನು ಆಹ್ವಾನಿಸುವ ಪತ್ರ ಆ ಮೊಹರಿನ ಮೇಲ್ಗಡೆ ಸಿದ್ಧವಾಯಿತು.

ಸರ್ಕಾರಿ ಸೇವೆಯಲ್ಲಿದ್ದವರಿಗೆ ಖಜಾನೆಯ ಜೋಡಿ ಬೀಗದ ಪದ್ಧತಿ ಗೊತ್ತು. ಭದ್ರತಾ ಕೊಠಡಿಯ ಎರಡು ಕೀಲಿಗಳು ಇಬ್ಬರು ನೌಕರರ ಬಳಿ ಇರುತ್ತವೆ. ಒಬ್ಬ ಎಷ್ಟೇ ಪ್ರಾಮಾಣಿಕನಿದ್ದರೂ ಒಂಟಿಯಾಗಿ ಬಾಗಿಲು ತೆರೆಯಲಾರ. ಆ ನೌಕರನನ್ನು ಪ್ರಲೋಭನೆಯಿಂದ ಕಾಪಾಡುವ ಏರ್ಪಾಡೂ ಅದೇ. ರಾಜ್ಯದ ಕೋಟೆಗಳಿಗೆ ಈ ತತ್ವವನ್ನೇ ಅನ್ವಯಿಸಿದ ಗವಾನ್, ತನ್ನ ಮೊಹರನ್ನು ಮಾತ್ರ ಒಬ್ಬನ ಕೈಯಲ್ಲಿ ಬಿಟ್ಟಿದ್ದ. ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಿಂದ ಹೈದರಾಬಾದ್, ಪುಣೆಗಳಿಗೆ ದುಡಿಯಲು ಹೋಗುವ ಸಂಸಾರಗಳು ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ನೆರೆಮನೆಯಲ್ಲಿ ಕೊಟ್ಟುಹೋಗುತ್ತವೆ. ಅವರಿಗೆ ಬೇರೆ ದಾರಿಯಾದರೂ ಏನಿದೆ? ಅಲ್ಲಿ ನೆರೆಯವರ ಮೇಲೆ ನಾಲ್ಕಾರು ಮನೆಗಳ ಕಣ್ಣಿರುತ್ತದೆ. ಮೊಹರು ಕಾಯುವವನ ಮೇಲೆ ಯಾರ ಕಣ್ಣೂ ಇರಲಿಲ್ಲ.

1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಬಿಡಾರದಲ್ಲಿ ಸುಲ್ತಾನ ಗವಾನನನ್ನು ಕರೆಸಿದ. ಹೋಗಬೇಡವೆಂದು ಆಪ್ತರು ತಡೆದರು, ಗುಜರಾತಿಗೆ ಪಾರುಮಾಡುತ್ತೇವೆಂದರು. ಅವನು ಒಪ್ಪಲಿಲ್ಲ. ಪತ್ರವನ್ನು ತೋರಿಸಿದಾಗ, ಮೊಹರು ತನ್ನದೇ, ಬರಹ ತನ್ನದಲ್ಲ ಎಂದ. ಪಾನಮತ್ತ ಸುಲ್ತಾನನಿಗೆ ವಿಚಾರಣೆಯ ತಾಳ್ಮೆ ಇರಲಿಲ್ಲ. ಎಪ್ಪತ್ತರ ಆಸುಪಾಸಿನ ಮುದುಕನ ತಲೆ ಅಲ್ಲಿಯೇ ಉರುಳಿತು.

ಬೆನ್ನಿಗೇ ಗವಾನನ ಬಿಡಾರವನ್ನು ಸೂರೆ ಮಾಡಲು ಸುಲ್ತಾನನ ಅನುಮತಿ ಸಿಕ್ಕಿತು. ದೊರೆಯೇ ಕಳ್ಳರಿಗೆ ಅಪ್ಪಣೆ ಕೊಟ್ಟ ಮೇಲೆ ಕಾವಲಿನವರು ಮಾಡುವುದೇನು? ಅಪಾರ ಸಂಪತ್ತು ಸಿಕ್ಕೀತೆಂದು ಸುಲ್ತಾನ ಅವನ ಖಜಾಂಚಿಯನ್ನು ಕರೆಸಿ ಕೇಳಿದ. ಒಡೆಯನಿಗೆ ಎರಡು ಕೋಶಗಳಿದ್ದವೆಂದೂ, ಒಂದು ಸೈನ್ಯ, ಆನೆ, ಕುದುರೆಗಳ ವೆಚ್ಚಕ್ಕೆಂದೂ, ಇನ್ನೊಂದು ಬಡವರದೆಂದೂ, ಬಡವರ ಚೀಲದಲ್ಲಿ ಉಳಿದಿರುವುದು 300 ಲಾರಿ ಬೆಳ್ಳಿ ನಾಣ್ಯಗಳೆಂದೂ ಖಜಾಂಚಿ ತಿಳಿಸಿದನೆಂದು ಇತಿಹಾಸಕಾರ ಫೆರಿಶ್ತಾ ದಾಖಲಿಸಿದ್ದಾನೆ. ಗವಾನ್ ಹುಟ್ಟೂರಿನಿಂದ ತಂದ ಬಂಡವಾಳವನ್ನು ವ್ಯಾಪಾರದಲ್ಲಿ ತೊಡಗಿಸಿ, ಅದರ ಲಾಭದಲ್ಲಿ ಬದುಕುತ್ತಿದ್ದ. ಮಲಗುತ್ತಿದ್ದದ್ದು ಚಾಪೆಯ ಮೇಲೆ. ನಿಕಿತಿನ್ ಕಂಡ ವೈಭವ ಹುದ್ದೆಯದು, ಫೆರಿಶ್ತಾ ಹೇಳುವ ಬಡತನ ಮನುಷ್ಯನದು ಎಂದು ನಾನು ತಿಳಿಯುತ್ತೇನೆ.

ಸುಲ್ತಾನ ಪಶ್ಚಾತ್ತಾಪದಿಂದ ನವೆದು ಮರುವರ್ಷ 1482ರಲ್ಲಿ ತೀರಿಕೊಂಡ. ಒಳಸಂಚಿನ ಸೂತ್ರಧಾರನೆನಿಸಿದ ಮಲಿಕ್ ಹಸನ್ ಅಧಿಕಾರಕ್ಕೇರಿದನಾದರೂ ಹೆಚ್ಚು ಕಾಲ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಅವನು ಜೀವ ಉಳಿಸಿಕೊಳ್ಳಲು ಬೀದರಿಗೆ ಓಡಿಬಂದ. ಅವನನ್ನು ಕೊಂದವನು, ತನ್ನವನೆಂದೇ ಅವನು ನಂಬಿದ್ದ ಬೀದರಿನ ಅಧಿಕಾರಿ.