ಹೂವಿನೊಳಗೆ ಇಣುಕಿದ ಬಿ.ಜಿ.ಎಲ್. ಸ್ವಾಮಿ

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಪಿಯುಸಿಯ ಜೀವಶಾಸ್ತ್ರ ಕಷ್ಟವಾಯಿತು. ಕಲಾ ವಿಭಾಗಕ್ಕೆ ಹೋಗಿಬಿಡೋಣ ಎಂದುಕೊಂಡಿದ್ದೆ. ಭ್ರೂಣಚೀಲದ ಚಿತ್ರ ಬಿಡಿಸುತ್ತಿದ್ದ ದಿನ ‘ಹಸುರು ಹೊನ್ನು’ ಬರೆದ ಸ್ವಾಮಿಯವರೂ ಇದನ್ನೇ ಅಧ್ಯಯನ ಮಾಡಿದವರು ಎಂದು ಉಪನ್ಯಾಸಕರಿಂದ ತಿಳಿಯಿತು.

ಸ್ವಾಮಿ ಹುಟ್ಟಿದ್ದು 1918ರಲ್ಲಿ, ಬೆಂಗಳೂರಿನಲ್ಲಿ. ತಂದೆ ಡಿ.ವಿ.ಜಿ. ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮೈಸೂರು ವಿಶ್ವವಿದ್ಯಾಲಯದ ಡಿ.ಎಸ್‌ಸಿ. ಪಡೆದರು. ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿಯವರ ಬಳಿ ಸಂಶೋಧನೆ ಮಾಡಿ ಬಂದು, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಹುಕಾಲ ಸಸ್ಯಶಾಸ್ತ್ರ ಕಲಿಸಿದರು.

ಆರ್ಕಿಡ್‌ಗಳ, ಅಂದರೆ ನಮ್ಮ ಸೀತಾಳೆ ದಂಡೆಯ ಬಳಗದ, ಭ್ರೂಣ ಬೆಳೆಯುವ ಬಗೆಯನ್ನು ಅವರು ಆಳವಾಗಿ ಅಭ್ಯಾಸ ಮಾಡಿದರು. ಹಲವು ಆರ್ಕಿಡ್‌ಗಳಲ್ಲಿ ಹೂ ಅರಳಿದಾಗ ಅಂಡಾಣು ಸಿದ್ಧವಾಗಿರುವುದಿಲ್ಲ. ಪರಾಗ ಬಿದ್ದ ಮೇಲೆಯೇ ಅಂಡಕ ಬೆಳೆಯುತ್ತದೆ. ಬೀಜ ಧೂಳಿನಷ್ಟು ಸಣ್ಣದು, ಅದರಲ್ಲಿ ಭ್ರೂಣಾಹಾರ ಇರುವುದಿಲ್ಲ. ಇಂಥ ಭ್ರೂಣದಲ್ಲಿ ಒಂದು ಕೋಶ ಎರಡಾಗಿ, ನಾಲ್ಕಾಗುವುದನ್ನು ಅವರು ಸೂಕ್ಷ್ಮದರ್ಶಕದಲ್ಲಿ ಹಂತಹಂತವಾಗಿ ಗುರುತಿಸಿದರು.

ಈಗ ಅಂಡಾಣುವಿನಲ್ಲಿ ಯಾವ ಜೀನ್‌ಗಳು ಕೆಲಸ ಮಾಡುತ್ತಿವೆ ಎಂಬುದನ್ನು ಆರ್‌ಎನ್‌ಎ ಅಳೆದು ತಿಳಿಯುತ್ತಾರೆ. ಅಂಡಾಣು ಕೂಡಿಟ್ಟ ಆರ್‌ಎನ್‌ಎ ಭ್ರೂಣದ ಮೊದಲ ಹೆಜ್ಜೆಗಳಿಗೆ ನೆರವಾಗುತ್ತದೆ. ಆದರೆ ಯಾವ ಹೆಜ್ಜೆ ಯಾವಾಗ ಎಂದು ಗೊತ್ತಿಲ್ಲದಿದ್ದರೆ ಆ ಅಳತೆಗೆ ಅರ್ಥವಿಲ್ಲ. ಆ ಹೆಜ್ಜೆಗಳನ್ನು ಕಣ್ಣಾರೆ ಕಂಡು ಬರೆದಿಟ್ಟವರಲ್ಲಿ ಸ್ವಾಮಿ ಒಬ್ಬರು.

1978ರಲ್ಲಿ ‘ಹಸುರು ಹೊನ್ನು’ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಕೊನೆಗಾಲದಲ್ಲಿ ಸ್ವಾಮಿ ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. 1980ರ ನವೆಂಬರ್‌ನಲ್ಲಿ ತೀರಿಕೊಂಡರು.

ಕನ್ನಡದಲ್ಲಿ ಗಿಡಗಳ ಕತೆ ಹೇಳಿದವರೇ ಜಗತ್ತಿಗೆ ಭ್ರೂಣಶಾಸ್ತ್ರವನ್ನೂ ಬರೆದರು. ವಿಜ್ಞಾನ ಬಿಡುವ ಯೋಚನೆಯನ್ನು ನಾನೀಗ ಬಿಟ್ಟಿದ್ದೇನೆ.